‘ವಿಚಿತ್ರ ಆಕಾರ’ ಅಂದರೆ ಯಾವ ಆಕಾರ?

ನಮಸ್ಕಾರ,

ಖನಿಜಗಳ ರೂಪದ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಹಾಗಂತ ಕೈಬಿಡುವ ಬರಹವೂ ಅಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಐದು ಪುಟದಲ್ಲಿ ‘ವಿಚಿತ್ರ ಆಕಾರ’ ಹನ್ನೊಂದು ಸಲ ಬಂದಿದೆ. ಪೆನ್ಸಿಲ್ ಹಿಡಿದು ಎಣಿಸಿದೆ. ಚಿನ್ನದ ಬಣ್ಣದ ಪೈರೈಟ್‌ಗೂ ಅದೇ ಮಾತು, ಹಸಿರು ಮ್ಯಾಲಕೈಟ್‌ಗೂ ಅದೇ. ಓದುವವರಿಗೆ ಏನೂ ಕಾಣುವುದಿಲ್ಲ. ಆಮೇಲೆ ಇದ್ದಕ್ಕಿದ್ದಂತೆ ‘ದ್ರಾಕ್ಷಾಗುಚ್ಛಸದೃಶ’! ಬಾಟ್ರಿಯಾಯ್ಡಲ್ ಎಂಬ ಪದವನ್ನು ಕನ್ನಡಕ್ಕೆ ತರಲು ಹೊರಟಿದ್ದೀರಿ, ಗೊತ್ತಾಯಿತು. ಆ ಪದದ ಗ್ರೀಕ್ ಬೇರಿಗೆ ದ್ರಾಕ್ಷಿ ಗೊಂಚಲು ಅಂತಷ್ಟೇ ಅರ್ಥ. ‘ಗೊಂಚಲಿನ ಹಾಗೆ ಉಬ್ಬಿಕೊಂಡ ಮ್ಯಾಲಕೈಟ್’ ಎಂದರೆ ಸಾಕಲ್ವಾ? ಸೂಜಿ, ಎಸಳು, ಗಂಟು, ಏಣು, ಮೊನೆ, ಎಲ್ಲವೂ ನಮ್ಮಲ್ಲಿವೆ. ಅಭ್ರಕ ಹಾಳೆ ಹಾಳೆಯಾಗಿ ಬಿಡಿಸಿಕೊಳ್ಳುತ್ತದೆ. ಕಲ್ನಾರಿನ ಹೆಸರಲ್ಲೇ ನಾರು ಇದೆ.

ಪೈರೈಟ್ ‘ಘನಾಕೃತಿ’ಯಲ್ಲಿದೆ ಎಂದು ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. ನನ್ನ ಮೇಜಿನ ಮೇಲೂ ಒಂದು ತುಂಡಿದೆ. ಅದರ ಮುಖದ ಮೇಲೆ ಬಾಚಣಿಗೆ ಎಳೆದ ಹಾಗೆ ಸಣ್ಣ ಗೀರುಗಳು. ಪಕ್ಕದ ಮುಖ ನೋಡಿದರೆ ಗೀರುಗಳು ಅಡ್ಡಕ್ಕೆ ತಿರುಗಿವೆ, ಸರಿಯಾಗಿ 90 ಡಿಗ್ರಿ. ಬೆಳಕಿಗೆ ಹಿಡಿದು ತಿರುಗಿಸಿದಾಗ ಮಾತ್ರ ಕಣ್ಣಿಗೆ ಬೀಳುತ್ತದೆ. ನಿಮ್ಮ ಕೈಯಲ್ಲಿ ಕಲ್ಲಿತ್ತು, ನೀವೇ ಬರೆದಿದ್ದೀರಿ. ತಿರುಗಿಸಿ ನೋಡಲಿಲ್ಲವೇ?

ಎರಡು ತಪ್ಪುಗಳನ್ನು ತಿದ್ದಲೇಬೇಕು. ಸುಣ್ಣಕಲ್ಲಿನ ಮುಖ್ಯ ಖನಿಜವಾದ ಕ್ಯಾಲ್ಸೈಟ್ ‘ಓರೆ ಪೆಟ್ಟಿಗೆಯ ಹಾಗೆ ಬೆಳೆದಿದೆ’ ಎಂದಿದ್ದೀರಿ. ನೀವು ನೋಡಿದ್ದು ಒಡೆದ ಚೂರು. ಕ್ಯಾಲ್ಸೈಟನ್ನು ಎಷ್ಟು ಸಲ ಒಡೆದರೂ ಅದೇ ಓರೆ ಪೆಟ್ಟಿಗೆಗಳು ಸಿಗುತ್ತವೆ. ಅದು ಸೀಳಿದ ಮುಖ, ಬೆಳೆದ ಮುಖ ಬೇರೆ. ಇನ್ನು ಸುಣ್ಣಕಲ್ಲಿನ ಮೇಲಿನ ‘ಜರಿಗಿಡದ ಪಳೆಯುಳಿಕೆ’. ನಿಮ್ಮ ಫೋಟೋದಲ್ಲಿ ಎಲೆಯ ನರ ಎಲ್ಲೂ ಇಲ್ಲ, ಕೊಂಬೆಗಳೆಲ್ಲ ಬಿರುಕಿನಿಂದಲೇ ಹೊರಟಿವೆ. ಬಿರುಕಿನೊಳಗೆ ಇಳಿದ ನೀರು ಬಿಟ್ಟುಹೋದ ಮ್ಯಾಂಗನೀಸ್ ಆಕ್ಸೈಡ್ ಅದು. ಇದರಲ್ಲಿ ಬೇಜಾರು ಬೇಡ, ತುಂಬಾ ಜನ ಮೋಸಹೋಗಿದ್ದಾರೆ.

ಡೆನ್ಮಾರ್ಕಿನ ವಿಜ್ಞಾನಿ ಸ್ಟೆನೊ ಬಗ್ಗೆ ಬರೆದ ಪ್ಯಾರಾ ಮಾತ್ರ ಚೆನ್ನಾಗಿದೆ. ಸ್ಫಟಿಕದ ಮುಖಗಳು ಅಗಲವಾಗಲಿ ಕಿರಿದಾಗಲಿ, ಅವುಗಳ ನಡುವಿನ ಕೋನ ಬದಲಾಗದು ಎಂದು ಅವರು 1669ರಲ್ಲಿ ಹೇಳಿದ್ದನ್ನು ಮೂರೇ ಸಾಲಲ್ಲಿ ಮುಗಿಸಿದ್ದೀರಿ. ಒಂದು ಆಕಾರದ ಹೊಗಳಿಕೆಯೂ ಇಲ್ಲ! ಅದನ್ನು ಮುಟ್ಟಬೇಡಿ. ಉಳಿದದ್ದನ್ನು ಮೂರು ಪುಟಕ್ಕೆ ಇಳಿಸಿ ಕಳಿಸಿ. ಪೈರೈಟ್‌ಗೆ ಒಂದು ಪೂರ್ತಿ ಪುಟ ಕೊಟ್ಟರೂ ನನ್ನ ತಕರಾರಿಲ್ಲ.

ಸಂಪಾದಕ