ಬೇಸ್‌ಬಾಲ್ ಸೀಸನ್ ಶುರುವಾಗಿ ತಿಂಗಳಷ್ಟೇ ಆಗಿದೆ. ನಮ್ಮ ತಂಡದ ಪಿಚರ್‌ಗಳು (ಚೆಂಡು ಎಸೆಯುವವರು) ಹೀಗೆ ರನ್ ಕೊಡುತ್ತಿದ್ದರೆ ಆಸೆ ಬಿಡಬೇಕೇ?

ಈಗಲೇ ಬಿಡಬೇಡಿ. ಎಲ್ಲರೂ ವಾದಕ್ಕೆ ಎತ್ತಿಕೊಳ್ಳುವ ಇಆರ್‌ಎ ಅಂದರೆ ಪಿಚರ್ 9 ಇನಿಂಗ್ಸ್‌ಗೆ, ಅಂದರೆ ಒಂದು ಪೂರ್ತಿ ಪಂದ್ಯಕ್ಕೆ, ಸರಾಸರಿ ಎಷ್ಟು ರನ್ ಕೊಟ್ಟರು ಎಂಬ ಲೆಕ್ಕ. ಫೀಲ್ಡರ್‌ಗಳ ತಪ್ಪಿನಿಂದ ಬಂದ ರನ್ ಇದರಲ್ಲಿ ಸೇರುವುದಿಲ್ಲ. 24 ಇನಿಂಗ್ಸ್‌ಗೆ 8 ರನ್ ಕೊಟ್ಟಿದ್ದರೆ ಅದು 3.00, ಚೆನ್ನಾಗಿಯೇ ಇದೆ. ಮುಂದಿನ ಪಂದ್ಯದಲ್ಲಿ 3 ಇನಿಂಗ್ಸ್‌ಗೆ 7 ರನ್ ಹೋಯಿತು ಅಂದುಕೊಳ್ಳಿ, ಒಂದೇ ಸಂಜೆಗೆ 5.00 ಆಗಿಬಿಡುತ್ತದೆ! ಅದಕ್ಕೇ ಏಪ್ರಿಲ್‌ನಲ್ಲಿ ನಾನು ನೋಡುವುದು ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಬ್ಯಾಟರ್ ಔಟಾಗುವುದು), ವಾಕ್ (ನಾಲ್ಕು ಕೆಟ್ಟ ಎಸೆತಕ್ಕೆ ಬ್ಯಾಟರ್‌ಗೆ ಮೊದಲ ಬೇಸ್ ಪುಕ್ಕಟೆ ಸಿಗುವುದು) ಮತ್ತು ಚೆಂಡಿನ ವೇಗ. ವೇಗ ಗಂಟೆಗೆ ಎರಡು ಮೂರು ಮೈಲಿ ಇಳಿದಿದ್ದರೆ ಮಾತ್ರ ಭಯವಾಗುತ್ತದೆ, ತೋಳಿಗೆ ಪೆಟ್ಟಾಗಿರಬಹುದು.

ಕೆಟ್ಟ ಆರಂಭದಿಂದ ಚೇತರಿಸಿಕೊಂಡವರೂ ಇದ್ದಾರೆ. 2019ರಲ್ಲಿ ಅಮೆರಿಕದ ವಾಷಿಂಗ್ಟನ್ ನ್ಯಾಷನಲ್ಸ್ ತಂಡ ಮೊದಲ 50 ಪಂದ್ಯಗಳಲ್ಲಿ 31 ಸೋತಿತ್ತು. ಶೆರ್ಜರ್, ಸ್ಟ್ರಾಸ್‌ಬರ್ಗ್, ಕಾರ್ಬಿನ್‌ರಂಥ ಸ್ಟಾರ್ಟರ್‌ಗಳು (ಪಂದ್ಯ ಶುರು ಮಾಡುವ ಪಿಚರ್‌ಗಳು) ಇದ್ದರೂ ಅವರ ನಂತರ ಬರುವ ಬುಲ್‌ಪೆನ್ ಪಿಚರ್‌ಗಳು ಕೈಗೆ ಬಂದ ಪಂದ್ಯ ಬಿಟ್ಟುಕೊಡುತ್ತಿದ್ದರು. ಜುಲೈ ಕೊನೆಗೆ ಬುಲ್‌ಪೆನ್‌ಗೆ ಡೇನಿಯಲ್ ಹಡ್ಸನ್‌ರನ್ನು ಕರೆತಂದರು. ಚಾಂಪಿಯನ್ ಯಾರೆಂದು ತೀರ್ಮಾನಿಸುವ ವರ್ಲ್ಡ್ ಸೀರೀಸ್‌ನ 7ನೇ, ಕೊನೆಯ ಪಂದ್ಯದಲ್ಲಿ ಶೆರ್ಜರ್ 5 ಇನಿಂಗ್ಸ್ ಎಸೆದರು, ಕಾರ್ಬಿನ್ ಬುಲ್‌ಪೆನ್‌ನಿಂದ ಬಂದು 3 ಇನಿಂಗ್ಸ್‌ನಲ್ಲಿ ಒಂದು ರನ್ನೂ ಕೊಡಲಿಲ್ಲ, ಕೊನೆಯ ಇನಿಂಗ್ಸ್ ಹಡ್ಸನ್ ಮುಗಿಸಿದರು. ಟ್ರೋಫಿ ವಾಷಿಂಗ್ಟನ್‌ಗೆ ಬಂತು.