ಮಿಕ್ಸಿಂಗ್ ಸ್ಟುಡಿಯೋದವರು "ಸ್ಟೆಮ್ಸ್ ಕಳಿಸಿ" ಅಂದಿದ್ದಾರೆ. ಏನು ಕಳಿಸಬೇಕು, ಹೇಗೆ ಕಳಿಸಬೇಕು?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಮೊದಲ ಸಲ ಒಂದು ಕನ್ನಡ ಸಿನಿಮಾಗೆ ಆರ್‌ಆರ್ (ಹಿನ್ನೆಲೆ ಸಂಗೀತ) ಮಾಡಿ ಮುಗಿಸಿದ್ದೀರಿ. ಮಿಕ್ಸಿಂಗ್ ಸ್ಟುಡಿಯೋದಿಂದ ಒಂದೇ ಸಾಲಿನ ಮೆಸೇಜ್ ಬಂದಿದೆ. ನಿಮ್ಮ ಸೆಷನ್‌ನಲ್ಲಿ (ಸಂಗೀತ ಸಾಫ್ಟ್‌ವೇರ್‌ನ ಪ್ರಾಜೆಕ್ಟ್) ನೂರಕ್ಕೂ ಜಾಸ್ತಿ ಟ್ರ್ಯಾಕ್ ಇವೆ. ಎಲ್ಲವನ್ನೂ ಕೊಡಬೇಕಾ, ಕೂಡಿಸಿ ಕೊಡಬೇಕಾ, ಕೂಡಿಸಿದರೆ ಎಷ್ಟು ಭಾಗ ಅಂತ ಕೇಳಿದ್ದೀರಿ. ಜೊತೆಗೆ ಗೆಳೆಯರ ಮೊಬೈಲ್ ಗೇಮ್‌ಗೂ ಸಂಗೀತ ಮಾಡುತ್ತಿದ್ದೀರಿ, ಅದಕ್ಕೂ ಇದೇ ರೀತಿ ಸಾಕಾ ಅನ್ನುವುದು ಎರಡನೇ ಪ್ರಶ್ನೆ. ನಾನು ಬೆಂಗಳೂರಿನಲ್ಲಿ ಆರ್‌ಆರ್ ಪ್ರೋಗ್ರಾಮಿಂಗ್ ಮತ್ತು ಸ್ಟೆಮ್ ತಯಾರಿಸುವ ಕೆಲಸ ಮಾಡುತ್ತೇನೆ. ನನಗೆ ಗೊತ್ತಿರುವಷ್ಟನ್ನು ಹೇಳುತ್ತೇನೆ.

ಮೊದಲು, ಎಲ್ಲ ಟ್ರ್ಯಾಕ್‌ಗಳನ್ನೂ ಕಳಿಸಬೇಡಿ. ಅದು ಮಲ್ಟಿಟ್ರ್ಯಾಕ್ ಆಗುತ್ತದೆ, ಸ್ಟೆಮ್ ಅಲ್ಲ. ಒಂದು ಗುಂಪಿನ ವಾದ್ಯಗಳನ್ನು ನೀವೇ ಬ್ಯಾಲೆನ್ಸ್ ಮಾಡಿ, ರಿವರ್ಬ್ (ಸದ್ದಿನ ಹಿಂದೆ ಉಳಿಯುವ ಮಾರ್ದನಿ) ಸಮೇತ ಒಂದು ಫೈಲ್ ಮಾಡಿದರೆ ಅದು ಸ್ಟೆಮ್. ಎಲ್ಲ ಸ್ಟೆಮ್‌ಗಳನ್ನು ಒಟ್ಟಿಗೆ ಹಾಕಿ, ಫೇಡರ್ (ಸದ್ದು ಏರಿಸಿ ಇಳಿಸುವ ಹಿಡಿ) ಮುಟ್ಟದೆ ಪ್ಲೇ ಮಾಡಿದರೆ ನಿಮ್ಮ ಮಿಕ್ಸ್ ಹಾಗೇ ಕೇಳಬೇಕು. ಫೈನಲ್ ಮಿಕ್ಸಿಂಗ್‌ನಲ್ಲಿ ಕೂತವರ ಮುಂದೆ ಡೈಲಾಗ್ ಇದೆ, ಎಫೆಕ್ಟ್ಸ್ ಇದೆ, ಡೇಟ್ ಹತ್ತಿರ ಬಂದಿದೆ. ನಿಮ್ಮ ನೂರು ಟ್ರ್ಯಾಕ್ ಕೂಡಿಸುತ್ತಾ ಕೂರಲು ಅವರಿಗೆ ಪುರುಸೊತ್ತು ಇರುವುದಿಲ್ಲ.

ಹಾಗಾದರೆ ಹೇಗೆ ಭಾಗ ಮಾಡುವುದು? ಇದನ್ನು ನಾನು ಕಲಿತದ್ದು ಒಂದು ಆಸ್ಪತ್ರೆ ದೃಶ್ಯದಿಂದ. ತಾಯಿ ಮಲಗಿದ್ದಾಳೆ, ಮಗ ಪಕ್ಕದಲ್ಲಿ ಕೂತಿದ್ದಾನೆ. ಅವಳು ತೀರಾ ಮೆಲ್ಲಗೆ "ಊಟ ಮಾಡಿದ್ಯಾ?" ಅನ್ನುತ್ತಾಳೆ. ಅಡಿಯಲ್ಲಿ ಸ್ಟ್ರಿಂಗ್ಸ್ ಇತ್ತು, ಮೇಲೆ ಒಂದು ಕೊಳಲಿನ ಬಿಟ್. ಎರಡನ್ನೂ "ಮೆಲೊಡಿ" ಅಂತ ಒಂದೇ ಸ್ಟೆಮ್‌ಗೆ ಹಾಕಿದ್ದೆ. ಸರಿಯಾಗಿ ಆ ಮಾತಿನ ಮೇಲೇ ಕೊಳಲು ಮೇಲಿನ ಷಡ್ಜಕ್ಕೆ ಏರುತ್ತಿತ್ತು. ಮಾತು ಕೇಳುತ್ತಿಲ್ಲ ಅಂತ ಮಿಕ್ಸಿಂಗ್ ಎಂಜಿನಿಯರ್ ಫೇಡರ್ ಇಳಿಸಿದರು. ಕೊಳಲಿನ ಜೊತೆ ಸ್ಟ್ರಿಂಗ್ಸ್ ಕೂಡ ಇಳಿಯಿತು. ದೃಶ್ಯದಲ್ಲಿ ಉಳಿದದ್ದು ಫ್ಯಾನಿನ ಸದ್ದು ಮಾತ್ರ. ಆ ದಿನ ನಾನು ಊರಿನಲ್ಲಿ ಮದುವೆಗೆ ಹೋಗಿದ್ದೆ, ಸೆಷನ್ ಇದ್ದ ಡಿಸ್ಕ್ ಬೆಂಗಳೂರಿನಲ್ಲಿ ಬೀಗ ಹಾಕಿದ ಕೋಣೆಯಲ್ಲಿತ್ತು. ದೃಶ್ಯ ಹಾಗೇ ಥಿಯೇಟರ್‌ಗೆ ಹೋಯಿತು. ಕೊಳಲು ನುಡಿಸಿದವರು ಆ ಬಿಟ್ ಅನ್ನು ಮೂರು ಸಲ ತಿದ್ದಿ ನುಡಿಸಿದ್ದರು. ಅದನ್ನು ನೆನೆದರೆ ಈಗಲೂ ಬೇಜಾರಾಗುತ್ತದೆ.

ಅಲ್ಲಿಂದ ನಾನು ಭಾಗ ಮಾಡುವಾಗ ಯಾವ ವಾದ್ಯ ಯಾವ ಜಾತಿ ಅಂತ ನೋಡುವುದನ್ನು ಬಿಟ್ಟೆ. ಸಿನಿಮಾದಲ್ಲಿ ಯಾವುದು ಯಾವುದಕ್ಕೆ ಅಡ್ಡ ಬರುತ್ತದೆ ಅಂತ ನೋಡುತ್ತೇನೆ. ಮಾತಿಗೆ ಅಡ್ಡ ಬರುವುದು ಒಂಟಿ ಸ್ವರ ಹಿಡಿದು ಹೋಗುವ ಕೊಳಲು, ವಯೊಲಿನ್ ಸೋಲೋ, ಆಲಾಪ. ಅವು ಪ್ಯಾಡ್ (ಹಿಂದೆ ಹರಡಿಕೊಂಡಿರುವ ಉದ್ದ ಸ್ವರ) ಮತ್ತು ಸ್ಟ್ರಿಂಗ್ಸ್‌ನಿಂದ ದೂರ ಇರಲಿ. ಹೊಡೆತ, ಬಾಂಬ್, ಕಾರಿನ ಸದ್ದಿಗೆ ಅಡ್ಡ ಬರುವುದು ದೊಡ್ಡ ಡ್ರಮ್ ಹಿಟ್‌ಗಳು, ಸಬ್ ಬೂಮ್‌ಗಳು, ಜುಂಯ್ ಅಂತ ಏರುವ ರೈಸರ್‌ಗಳು. ಅವನ್ನು ತಮಟೆ, ಚಂಡೆ, ಶೇಕರ್‌ನಂಥ ಓಡುವ ತಾಳದಿಂದ ಬೇರೆ ಮಾಡಿ. ಫೈಟ್ ಸೀನ್‌ನಲ್ಲಿ ಎಫೆಕ್ಟ್ಸ್‌ನವರೂ ಅದೇ ಜಾಗದಲ್ಲಿ ಒಂದು ಬೂಮ್ ಹಾಕಿರುತ್ತಾರೆ. ಇಬ್ಬರದ್ದೂ ಒಟ್ಟಿಗೆ ಬಿದ್ದರೆ ಕೆಸರು. ಆಗ ನಿಮ್ಮ ಬೂಮ್ ಒಂದನ್ನೇ ತೆಗೆದು ಚಂಡೆಯನ್ನು ಓಡಲು ಬಿಡುವ ಅವಕಾಶ ಅವರಿಗೆ ಇರಬೇಕು.

ಈ ಲೆಕ್ಕದಲ್ಲಿ ನನಗೆ ಸಾಮಾನ್ಯವಾಗಿ ಎಂಟರಿಂದ ಹನ್ನೆರಡು ಸ್ಟೆಮ್ ಆಗುತ್ತವೆ. ಎರಡೇ ವಾದ್ಯ ಇರುವ ಕ್ಯೂಗೆ, ಅಂದರೆ ಒಂದು ಜಾಗಕ್ಕೆ ಮಾಡಿದ ಸಂಗೀತದ ತುಂಡಿಗೆ, ಎರಡೇ ಸಾಕು. ಸುಮ್ನೆ ಖಾಲಿ ಫೈಲ್ ಕಳಿಸಿ ಲೆಕ್ಕ ತುಂಬಿಸಬೇಡಿ. ಆದರೆ ಸ್ಟೆಮ್‌ಗಳ ಹೆಸರು, ಕ್ರಮ ಎಲ್ಲ ಕ್ಯೂಗಳಲ್ಲೂ ಒಂದೇ ಇರಲಿ. ಒಂದನೇ ರೀಲಿನಲ್ಲಿ 4ನೇ ಸ್ಟೆಮ್ ಸ್ಟ್ರಿಂಗ್ಸ್ ಆಗಿದ್ದರೆ ಕೊನೇ ರೀಲಿನಲ್ಲೂ ಅದೇ ಆಗಿರಲಿ.

ಹಾಡಿದ ದನಿಯ ಬಗ್ಗೆ ಇನ್ನೊಂದು ಮಾತು. ಈಗ ನಮ್ಮ ಸಿನಿಮಾಗಳು ತೆಲುಗು, ತಮಿಳು, ಮಲಯಾಳಂ, ಹಿಂದಿಗೂ ಹೋಗುತ್ತವೆ. 2018ರ ಕೆಜಿಎಫ್ ಐದು ಭಾಷೆಯಲ್ಲಿ ಬಂದ ಮೇಲೆ ಸಣ್ಣ ನಿರ್ಮಾಪಕರೂ ಡಬ್ಬಿಂಗ್ ರೈಟ್ಸ್ ಲೆಕ್ಕ ಇಟ್ಟುಕೊಂಡೇ ಶುರು ಮಾಡುತ್ತಾರೆ. ಹಾಗಾಗಿ "ಆ..." ಅನ್ನುವ ಆಲಾಪ ಒಂದು ಸ್ಟೆಮ್, ಕನ್ನಡ ಪದಗಳಿರುವ ಸಾಲು ಇನ್ನೊಂದು ಸ್ಟೆಮ್. ಎರಡೂ ಒಂದಾಗಿಬಿಟ್ಟರೆ ತೆಲುಗಿನವರು ಪದ ತೆಗೆಯಲು ಹೋಗಿ ಆಲಾಪವನ್ನೂ ಕಳೆದುಕೊಳ್ಳುತ್ತಾರೆ.

ಈಗ ಸ್ಟೆಮ್ ಪ್ರಿಂಟ್ ಮಾಡುವ, ಅಂದರೆ ಆಡಿಯೋ ಫೈಲ್ ಆಗಿ ತೆಗೆಯುವ ವಿಷಯ. ಜಾಸ್ತಿ ಎಡವಟ್ಟು ಆಗುವುದು ಮಾಸ್ಟರ್ ಬಸ್‌ನಲ್ಲಿ. ಬಸ್ ಅಂದರೆ ಹಲವು ಟ್ರ್ಯಾಕ್‌ಗಳ ಸದ್ದು ಸೇರಿ ಹೋಗುವ ದಾರಿ, ಮಾಸ್ಟರ್ ಅಂದರೆ ಎಲ್ಲವೂ ಸೇರುವ ಕೊನೆಯ ದಾರಿ. ಡೈರೆಕ್ಟರ್‌ಗೆ ಕೇಳಿಸುವಾಗ ಜೋರಾಗಿರಲಿ ಅಂತ ನಾವೆಲ್ಲ ಒಂದು ಲಿಮಿಟರ್ ಹಾಕಿರುತ್ತೇವೆ. ಮಿತಿ ಮೀರಿದ ಸದ್ದನ್ನು ತಗ್ಗಿಸುವ ಈ ಲಿಮಿಟರ್ ಕೆಲಸ ಮಾಡುವುದು ಒಟ್ಟು ಸದ್ದಿನ ಮೇಲೆ. ಡೊಳ್ಳು ಬಿದ್ದಾಗ ಸ್ಟ್ರಿಂಗ್ಸ್ ಕೂಡ ಸ್ವಲ್ಪ ತಗ್ಗುತ್ತದೆ. ಸ್ಟ್ರಿಂಗ್ಸ್ ಒಂದನ್ನೇ ಸೋಲೋ ಮಾಡಿ ಪ್ರಿಂಟ್ ಮಾಡಿದರೆ ಅದನ್ನು ತಗ್ಗಿಸುವ ಡೊಳ್ಳೇ ಅಲ್ಲಿರುವುದಿಲ್ಲ. ಆಮೇಲೆ ಎಲ್ಲ ಸ್ಟೆಮ್ ಕೂಡಿಸಿದರೆ ನಿಮ್ಮ ಮಿಕ್ಸ್ ಬರುವುದಿಲ್ಲ, ಬೇರೆ ಏನೋ ಬರುತ್ತದೆ. ಅದಕ್ಕೇ ನಾನು ಶುರುವಿನಿಂದಲೇ ಪ್ರತಿ ಟ್ರ್ಯಾಕನ್ನೂ ಒಂದೊಂದು ಸ್ಟೆಮ್ ಬಸ್‌ಗೆ ಕಳಿಸುತ್ತೇನೆ. ಕಂಪ್ರೆಷನ್, ಇಕ್ಯೂ ಏನಿದ್ದರೂ ಆ ಬಸ್‌ಗಳಲ್ಲೇ ಮುಗಿಯಬೇಕು. ಮಾಸ್ಟರ್ ಖಾಲಿ. ರಿವರ್ಬ್ ಕೂಡ ಹಾಗೇ: ಎಲ್ಲಕ್ಕೂ ಒಂದೇ ರಿವರ್ಬ್ ಇಟ್ಟಿದ್ದರೆ ಅದರ ಪ್ರತಿ ಮಾಡಿ ಸ್ಟೆಮ್‌ಗೊಂದು ಕೊಡಿ. ಕೊಳಲನ್ನು ಮ್ಯೂಟ್ ಮಾಡಿದ ಮೇಲೂ ಅದರ ರಿವರ್ಬ್ ಸ್ಟ್ರಿಂಗ್ಸ್ ಸ್ಟೆಮ್‌ನಲ್ಲಿ ದೆವ್ವದ ಹಾಗೆ ಕೇಳಬಾರದು. ಸೈಡ್‌ಚೈನ್ (ಒಂದು ಟ್ರ್ಯಾಕಿನ ಸದ್ದು ಇನ್ನೊಂದನ್ನು ತಗ್ಗಿಸುವಂಥ ಏರ್ಪಾಡು) ಇದ್ದರೆ, ಟ್ರಿಗರ್ ಕೊಡುವ ಟ್ರ್ಯಾಕ್ ಪ್ರಿಂಟ್ ಆಗುವಾಗಲೂ ಓಡುತ್ತಿದೆಯಾ ನೋಡಿಕೊಳ್ಳಿ.

ಎಲ್ಲ ಸರಿಯಾಗಿದೆ ಅಂತ ಕಿವಿಯಿಂದ ನಿರ್ಧಾರ ಮಾಡಬೇಡಿ. ನಲ್ ಟೆಸ್ಟ್ ಮಾಡಿ. ಹೊಸ ಸೆಷನ್ ತೆರೆದು ಎಲ್ಲ ಸ್ಟೆಮ್ ಹಾಕಿ. ಕೆಳಗೆ ಲಿಮಿಟರ್ ಇಲ್ಲದ ನಿಮ್ಮ ಫುಲ್ ಮಿಕ್ಸ್ ಹಾಕಿ, ಅದರ ಪೋಲಾರಿಟಿ ತಿರುಗಿಸಿ, ಅಂದರೆ ಸದ್ದಿನ ಅಲೆಯನ್ನು ತಲೆಕೆಳಗು ಮಾಡಿ, ಪ್ಲೇ ಮಾಡಿ. ಎರಡೂ ಒಂದೇ ಆಗಿದ್ದರೆ ಒಂದನ್ನೊಂದು ಕಳೆದು ಪೂರ್ತಿ ಮೌನ ಬರಬೇಕು. ಒಂದು ಸಲ ನನಗೆ ಎಲ್ಲ ಮೌನ, ನಡುವೆ ಎರಡು ಕಡೆ ಮಾತ್ರ ತಮಟೆ ಸದ್ದು "ಟಕ್" ಅಂತ ಉಳಿಯಿತು. ಹುಡುಕಿದರೆ, ಎರಡು ಏಟುಗಳ ಒಂದು ಟ್ರ್ಯಾಕ್ ಯಾವ ಬಸ್‌ಗೂ ಹೋಗದೆ ನೇರ ಮಾಸ್ಟರ್‌ಗೆ ಹೋಗುತ್ತಿತ್ತು. ನೂರು ಟ್ರ್ಯಾಕ್‌ನಲ್ಲಿ ಅದು ಕಣ್ಣಿಗೆ ಬೀಳುವುದೇ ಇಲ್ಲ. ಆ ಎರಡು ಏಟು ಖಳನಾಯಕ ತಿರುಗಿ ನೋಡುವ ಜಾಗದ್ದು, ಇಲ್ಲದಿದ್ದರೆ ದೃಶ್ಯವೇ ಸಪ್ಪೆ. ಆದರೆ ತಾನಾಗಿ ಬದಲಾಗುತ್ತಾ ಹೋಗುವ ಕೋರಸ್‌ನಂಥ ಎಫೆಕ್ಟ್, ಒಂದೊಂದು ಸಲ ಒಂದೊಂದು ಸ್ಯಾಂಪಲ್ ನುಡಿಸುವ ಸಾಫ್ಟ್‌ವೇರ್ ವಾದ್ಯ ಇದ್ದರೆ ಪೂರ್ತಿ ಮೌನ ಬರುವುದಿಲ್ಲ. ಮೊದಲೇ ಅಂಥವನ್ನು ಆಡಿಯೋ ಮಾಡಿಟ್ಟುಕೊಳ್ಳಿ.

ಫೈಲ್ 48 ಕಿಲೋಹರ್ಟ್ಸ್ (ಸೆಕೆಂಡಿಗೆ ಸದ್ದಿನ 48,000 ಅಳತೆ, ಅಂದರೆ ಸ್ಯಾಂಪಲ್), 24 ಬಿಟ್ ವೇವ್ ಇರಲಿ. ಹಾಡಿನ ಸೆಷನ್ 44.1ರಲ್ಲಿದ್ದರೆ ಸರಿಯಾಗಿ ಕನ್ವರ್ಟ್ ಮಾಡಿ. ಕನ್ವರ್ಟ್ ಆಗದ 44.1 ಫೈಲ್ 48ರಲ್ಲಿ ಓಡಿದರೆ ವೇಗ ಸುಮಾರು ಶೇ. 8.8 ಜಾಸ್ತಿಯಾಗುತ್ತದೆ, ಶ್ರುತಿ ಕೀಬೋರ್ಡಿನಲ್ಲಿ ಒಂದೂವರೆ ಕೀಯಷ್ಟು ಏರುತ್ತದೆ. ನಾರ್ಮಲೈಸ್ (ಪ್ರತಿ ಫೈಲನ್ನೂ ಗರಿಷ್ಠ ಸದ್ದಿಗೆ ಏರಿಸುವುದು) ಮಾಡಬೇಡಿ. ಮಾಡಿದರೆ ಸ್ಟೆಮ್‌ಗಳ ನಡುವಿನ ಬ್ಯಾಲೆನ್ಸ್ ಹೋಯಿತು. 24 ಬಿಟ್‌ನಲ್ಲಿ ಮೆಲ್ಲಗಿರುವ ಸದ್ದಿಗೂ ಧಾರಾಳ ಜಾಗ ಇದೆ. 5.1 ಸರೌಂಡ್‌ನಲ್ಲಿ ಕೊಡುವುದಾದರೆ ಸೆಂಟರ್ ಸ್ಪೀಕರ್ ಮಾತಿನ ಮನೆ ಅನ್ನುವುದು ನೆನಪಿರಲಿ. ಸೋಲೋ ವಾದ್ಯವನ್ನು ಅಲ್ಲಿ ಕೂರಿಸುವ ಮೊದಲು ಎಂಜಿನಿಯರ್ ಹತ್ತಿರ ಒಂದು ಮಾತು ಕೇಳಿ.

ಫ್ರೇಮ್ ರೇಟ್ ಮಾತ್ರ ಕೇಳದೆ ಕೆಲಸ ಶುರು ಮಾಡಲೇಬೇಡಿ. ಥಿಯೇಟರ್‌ಗೆ ಸಾಮಾನ್ಯವಾಗಿ ಸೆಕೆಂಡಿಗೆ 24 ಫ್ರೇಮ್. ಟಿವಿಯವರದ್ದು 25. ಕೆಲವು ಕಡೆ 23.976 ಕೂಡ ಕೇಳುತ್ತಾರೆ. 24ಕ್ಕೂ 23.976ಕ್ಕೂ ಏನು ಮಹಾ ವ್ಯತ್ಯಾಸ ಅನ್ನಿಸುತ್ತದೆ, ಅಲ್ವಾ? ಸಾವಿರಕ್ಕೆ ಒಂದು. ಆದರೆ ಇಪ್ಪತ್ತು ನಿಮಿಷದ ಒಂದು ರೀಲಿನ ಕೊನೆಗೆ ಅದು 1.2 ಸೆಕೆಂಡ್ ಆಗುತ್ತದೆ. ನಾಯಕ ಕದ ಒದ್ದು ಮುಗಿಸಿರುತ್ತಾನೆ, ನಿಮ್ಮ ಡೊಳ್ಳು ಇನ್ನೂ ಬರುತ್ತಿರುತ್ತದೆ. ಅಂದ ಹಾಗೆ, ಫಿಲ್ಮ್ ಹೋಗಿ ಎಷ್ಟೋ ವರ್ಷವಾದರೂ ರೀಲ್ ಲೆಕ್ಕ ಉಳಿದಿದೆ. 2000 ಅಡಿ 35 ಎಂಎಂ ಫಿಲ್ಮ್ ಸುಮಾರು 22 ನಿಮಿಷ ಓಡುತ್ತಿತ್ತು. ಇವತ್ತಿಗೂ ಸಿನಿಮಾವನ್ನು ಹೆಚ್ಚು ಕಡಿಮೆ ಅದೇ ಅಳತೆಯಲ್ಲಿ ತುಂಡು ಮಾಡಿ ಕೊಡುತ್ತಾರೆ. 1ನೇ ರೀಲಿನ ಟೈಮ್‌ಕೋಡ್ (ಪ್ರತಿ ಫ್ರೇಮಿನ ಗಂಟೆ-ನಿಮಿಷ-ಸೆಕೆಂಡಿನ ಗುರುತು) 1 ಗಂಟೆಯಿಂದ, 2ನೇ ರೀಲಿನದು 2 ಗಂಟೆಯಿಂದ ಶುರುವಾಗುವುದು ರೂಢಿ. ಚಿತ್ರದ ಮೊದಲ ಫ್ರೇಮಿಗೆ ಸರಿಯಾಗಿ 2 ಸೆಕೆಂಡ್ ಮುಂಚೆ ಒಂದೇ ಫ್ರೇಮಿನ ಒಂದು "ಪಿಪ್" ಇರುತ್ತದೆ. ಅದನ್ನು ಟೂ-ಪಾಪ್ ಅನ್ನುತ್ತಾರೆ. ಅದರ ಮೇಲೆ ನಿಮ್ಮ ಸೆಷನ್ ಕೂತಿದೆಯಾ ಅಂತ ಮೊದಲು ನೋಡಿ.

ಒಂದು ಕ್ಯೂನ ಎಲ್ಲ ಸ್ಟೆಮ್‌ಗಳೂ ಒಂದೇ ಜಾಗದಲ್ಲಿ ಶುರುವಾಗಿ ಒಂದೇ ಜಾಗದಲ್ಲಿ ಮುಗಿಯಬೇಕು. ಕೊಳಲು ನಲವತ್ತನೇ ಸೆಕೆಂಡಿಗೆ ಬಂದರೂ ಅದರ ಫೈಲ್ ಸೊನ್ನೆಯಿಂದಲೇ ಇರಲಿ. ಬ್ರಾಡ್‌ಕಾಸ್ಟ್ ವೇವ್ ಆಗಿ ಪ್ರಿಂಟ್ ಮಾಡಿದರೆ ಆ ಕ್ಯೂ ಯಾವ ಟೈಮ್‌ಕೋಡ್‌ನಲ್ಲಿ ಕೂರಬೇಕು ಅನ್ನುವುದು ಫೈಲ್ ಒಳಗೇ ಬರೆದಿರುತ್ತದೆ. ಪ್ರೊ ಟೂಲ್ಸ್ ಸಾಫ್ಟ್‌ವೇರ್‌ನಲ್ಲಿ ಅದನ್ನು ನೋಡಿಯೇ ಜಾಗಕ್ಕೆ ಕೂರಿಸಬಹುದು. ಆದರೂ ಫೈಲ್ ಹೆಸರಿನಲ್ಲಿ ಕೂಡ ಬರೆಯಿರಿ: ಸಿನಿಮಾ, ಕ್ಯೂ ನಂಬರ್, ಸ್ಟೆಮ್ ನಂಬರ್ ಮತ್ತು ಹೆಸರು, ವರ್ಷನ್, ಶುರುವಾಗುವ ಟೈಮ್‌ಕೋಡ್. ಮೂರನೇ ರೀಲಿನ ಏಳನೇ ಸಂಗೀತ "3ಎಂ7". "ಫೈನಲ್", "ಫೈನಲ್ ನ್ಯೂ" ಅಂತ ಹೆಸರಿಡಬೇಡಿ, ವಿ1, ವಿ2 ಸಾಕು. ಕೊನೆಯಲ್ಲಿ ರಿವರ್ಬ್ ಪೂರ್ತಿ ಆರುವವರೆಗೂ ಫೈಲ್ ಬಿಡಿ, ಫೇಡ್ ಮಾಡುವುದನ್ನು ಅವರಿಗೆ ಬಿಡಿ. ಎಡಿಟ್ ಲಾಕ್ ಅಂದ ಮೇಲೂ ಸೆನ್ಸಾರ್‌ನಲ್ಲೋ ಬೇರೆ ಎಲ್ಲೋ ನಾಲ್ಕು ಸೆಕೆಂಡ್ ಹೋಗುತ್ತದೆ. ಆಗ ತಾಳದ ಸ್ಟೆಮ್ ಅನ್ನು ಒಂದು ಆವರ್ತದಲ್ಲಿ ಕತ್ತರಿಸಿ, ಸ್ಟ್ರಿಂಗ್ಸ್ ಅನ್ನು ಮೇಲಿಂದ ಮೇಲೆ ಬೆಸೆದರೆ ಕತ್ತರಿ ಬಿದ್ದದ್ದೇ ಗೊತ್ತಾಗುವುದಿಲ್ಲ. ಒಂದೇ ಸ್ಟೀರಿಯೋ ಫೈಲ್‌ನಲ್ಲಿ ಇದು ಆಗದ ಮಾತು.

ಗೇಮ್‌ನ ಕಥೆ ಬೇರೆ. ಸಿನಿಮಾದಲ್ಲಿ ಏನು ಯಾವಾಗ ಆಗುತ್ತದೆ ಅಂತ ನಮಗೆ ಗೊತ್ತು. ಗೇಮ್‌ನಲ್ಲಿ ಅದು ಆಡುವವರ ಕೈಯಲ್ಲಿದೆ. ಅಲ್ಲಿ ಸ್ಟೆಮ್‌ಗಳು ಒಟ್ಟಿಗೆ ಓಡುತ್ತಲೇ ಇರುತ್ತವೆ. ಶತ್ರು ಬಂದರೆ ತಾಳದ ಪದರ ಏರುತ್ತದೆ, ಹೋದರೆ ಇಳಿಯುತ್ತದೆ. ವೈಸ್, ಎಫ್‌ಮಾಡ್ ಅನ್ನುವ ಸಾಫ್ಟ್‌ವೇರ್‌ಗಳು ಇದಕ್ಕೇ ಇವೆ. 2010ರ ರೆಡ್ ಡೆಡ್ ರಿಡೆಂಪ್ಷನ್ ಗೇಮ್‌ಗೆ ಸಂಗೀತದ ಬಹುಪಾಲನ್ನು ಒಂದೇ ವೇಗದಲ್ಲಿ, ನಿಮಿಷಕ್ಕೆ 130 ಬೀಟ್, ಒಂದೇ ಶ್ರುತಿಯಲ್ಲಿ, ಎ ಮೈನರ್, ರೆಕಾರ್ಡ್ ಮಾಡಿದ್ದರು. ಯಾವ ಪದರ ಯಾವುದರ ಮೇಲೆ ಬಿದ್ದರೂ ಹೊಂದಬೇಕು ಅನ್ನುವುದು ಅದರ ಉದ್ದೇಶ. ನಮಗೆ ಇದು ಹೊಸದೇನಲ್ಲ. ತಂಬೂರಿ ಒಂದು ಶ್ರುತಿ ಹಿಡಿದು ಕೂತಿದ್ದರೆ ಮೇಲೆ ಏನು ಬೇಕಾದರೂ ಬಂದು ಹೋಗಬಹುದು.

ಹಾಗಾಗಿ ಗೇಮ್ ಸ್ಟೆಮ್‌ನಲ್ಲಿ ಪ್ರತಿ ಪದರವೂ ಒಂಟಿಯಾಗಿ ಕೇಳುವಂತಿರಬೇಕು, ಯಾವ ಎರಡು ಸೇರಿದರೂ ಕೇಳುವಂತಿರಬೇಕು. ಎಲ್ಲವನ್ನೂ ಜೋಡಿ ಜೋಡಿಯಾಗಿ ಕೇಳಿ ನೋಡಿ. ಉದ್ದ ಸ್ಯಾಂಪಲ್ ಲೆಕ್ಕದಲ್ಲಿ ಒಂದೇ ಇರಬೇಕು. ನಾನು 90, 96, 100, 120ರಂಥ ವೇಗ ಆರಿಸುತ್ತೇನೆ. 48 ಕಿಲೋಹರ್ಟ್ಸ್‌ನಲ್ಲಿ ಇವುಗಳ ಒಂದು ಬೀಟ್ ಪೂರ್ಣ ಸಂಖ್ಯೆಯಾಗಿ ಬರುತ್ತದೆ. 90ರಲ್ಲಿ ಒಂದು ಬೀಟ್ 32,000 ಸ್ಯಾಂಪಲ್, ಆದಿತಾಳದ ಎಂಟು ಎಣಿಕೆಯ ಒಂದು ಆವರ್ತ 2,56,000. ಬೇರೆ ವೇಗ ತಪ್ಪಲ್ಲ, ಲೂಪ್ ಕತ್ತರಿಸುವಾಗ ಎಲ್ಲ ಪದರಕ್ಕೂ ಒಂದೇ ಸಂಖ್ಯೆ ಬಂದರೆ ಆಯಿತು.

ಲೂಪ್ ಸೇರುವ ಜಾಗದಲ್ಲಿ ರಿವರ್ಬ್ ಕಡಿದು ಹೋಗುವುದು ಎಲ್ಲರಿಗೂ ಬರುವ ತೊಂದರೆ. ಅದೇ ಭಾಗವನ್ನು ಎರಡು ಸಲ ಬೆನ್ನು ಬೆನ್ನಿಗೆ ನುಡಿಸಿ ಪ್ರಿಂಟ್ ಮಾಡಿ, ಎರಡನೇ ಸುತ್ತನ್ನು ಮಾತ್ರ ಕತ್ತರಿಸಿಕೊಳ್ಳಿ. ಮೊದಲ ಸುತ್ತಿನ ಬಾಲ ಅದರ ಶುರುವಿನಲ್ಲಿ ಸೇರಿಕೊಂಡಿರುತ್ತದೆ. ಗೇಮ್‌ನಲ್ಲಿ ವೈಸ್ ಇದ್ದರೆ ಬಾಲವನ್ನು ಲೂಪ್ ಮುಗಿದ ಮೇಲೆ ಹಾಗೇ ಬಿಟ್ಟು, ಎಲ್ಲಿ ಮುಗಿಯುತ್ತದೆ ಅಂತ ಅಲ್ಲೇ ಗುರುತು ಹಾಕಬಹುದು. ಎಂಪಿ3 ಮಾತ್ರ ಕೊಡಬೇಡಿ. ಅದರ ಶುರುವಿನಲ್ಲಿ ಒಂದಿಷ್ಟು ಮೌನ ಸೇರಿಕೊಂಡು ಲೂಪ್ ಎಡವುತ್ತದೆ. ವೇವ್ ಕೊಡಿ, ಕುಗ್ಗಿಸುವ ಕೆಲಸವನ್ನು ಗೇಮ್‌ನವರು ಮಾಡಿಕೊಳ್ಳುತ್ತಾರೆ. ಮೊಬೈಲ್‌ನಲ್ಲಿ ಮೆಮೊರಿ ಕಡಿಮೆ, ಹಾಗಾಗಿ ಹನ್ನೆರಡು ಪದರ ಅಂದುಕೊಳ್ಳಬೇಡಿ. ಮೂರೋ ನಾಲ್ಕೋ ಸಾಕು, ಗೆಳೆಯರನ್ನು ಮೊದಲೇ ಕೇಳಿ.

ಕಳಿಸುವಾಗ ಫೋಲ್ಡರ್ ಜೊತೆ ಒಂದು ಪುಟ ಇಡಿ: ಫ್ರೇಮ್ ರೇಟ್, ಯಾವ ದಿನಾಂಕದ ಎಡಿಟ್, ಪ್ರತಿ ಕ್ಯೂನ ಟೈಮ್‌ಕೋಡ್, ವೇಗ, ಶ್ರುತಿ. ಡೈರೆಕ್ಟರ್ ಒಪ್ಪಿದ ಸ್ಟೀರಿಯೋ ಮಿಕ್ಸ್ ಕೂಡ "ರೆಫರೆನ್ಸ್" ಅಂತ ಇಡಿ, ಅವರ ಕಿವಿಯಲ್ಲಿ ಕೂತಿರುವುದು ಅದೇ. ಅಪ್‌ಲೋಡ್ ಆದ ಮೇಲೆ ನೀವೇ ಒಂದು ಸಲ ಡೌನ್‌ಲೋಡ್ ಮಾಡಿ, ಖಾಲಿ ಸೆಷನ್‌ನಲ್ಲಿ ಚಿತ್ರದ ಜೊತೆ ಕೂರಿಸಿ ನೋಡಿ. ಮಿಕ್ಸಿಂಗ್ ಮುಗಿಯುವವರೆಗೂ ಸೆಷನ್ ಇರುವ ಡಿಸ್ಕ್ ನಿಮ್ಮ ಚೀಲದಲ್ಲೇ ಇರಲಿ, ಮದುವೆಗೆ ಹೋದರೂ ಸರಿ.

ನಿಮ್ಮ ಸಿನಿಮಾದ ಫ್ರೇಮ್ ರೇಟ್ ಮತ್ತು ಒಂದು ಕ್ಯೂನ ಟ್ರ್ಯಾಕ್ ಪಟ್ಟಿ ಇಲ್ಲೇ ಕೆಳಗೆ ಹಾಕಿ. ಹೇಗೆ ಹಂಚಬಹುದು ಅಂತ ನೋಡಿ ಹೇಳುತ್ತೇನೆ.