ವಿದೇಶದ ಬ್ಯಾಂಕ್ ಕೆಲಸ ಬಿಟ್ಟು ಸ್ವಂತ ದೇಶಕ್ಕೆ ಬಂದರೆ ಅನುಭವಕ್ಕೆ ಬೆಲೆ ಸಿಗುತ್ತಾ?

ವಿದೇಶದ ದೊಡ್ಡ ಬ್ಯಾಂಕೊಂದರ ರಿಸ್ಕ್ ವಿಭಾಗದಲ್ಲಿದ್ದೀರಿ, ಸ್ವಂತ ದೇಶಕ್ಕೆ ಮರಳಿ ಬ್ಯಾಂಕಿಂಗ್‌ನಲ್ಲೇ ಮುಂದುವರಿಯೋ ಆಸೆ ಇದೆ. ಅಲ್ಲಿನ ಅನುಭವಕ್ಕೆ ಇಲ್ಲಿ ಬೆಲೆ ಸಿಗುತ್ತಾ, ಮೊದಲು ಬಂದುಬಿಟ್ಟು ಆಮೇಲೆ ಕೆಲಸ ಹುಡುಕಲಾ ಅಂತ ಕೇಳಿದ್ದೀರಿ. ನಾನೂ ಇದೇ ದಾರಿಯಲ್ಲಿ ಬಂದವನು. ಈಗ ಸಾಲ ಮಂಜೂರಾತಿ ವಿಭಾಗದಲ್ಲಿದ್ದೇನೆ, ನಿಮ್ಮ ಹಾಗೆ ವಾಪಸ್ ಬರುವವರ ಸಂದರ್ಶನದಲ್ಲೂ ಕೂರುತ್ತೇನೆ. ಬೆಲೆ ಖಂಡಿತ ಇದೆ. ಆದರೆ ಎಲ್ಲ ಅನುಭವಕ್ಕೂ ಒಂದೇ ಬೆಲೆ ಇಲ್ಲ.

ನಿಯಮಗಳ ಮೇಲೆ ನಡೆಯೋ ಕೆಲಸ ಬಹುಪಾಲು ನಿಮ್ಮ ಜೊತೆಗೇ ಬರುತ್ತದೆ. 2008ರ ಆರ್ಥಿಕ ಬಿಕ್ಕಟ್ಟಿನ ನಂತರ ಬಂದ ಬಾಸೆಲ್ 3 ಅನ್ನೋ ಅಂತರರಾಷ್ಟ್ರೀಯ ಬ್ಯಾಂಕಿಂಗ್ ನಿಯಮಗಳ ಪ್ರಕಾರ, ರಿಸ್ಕಿಗೆ ತಕ್ಕಂತೆ ತೂಗಿದ ಆಸ್ತಿಯ (ಅಂದರೆ ಬ್ಯಾಂಕ್ ಕೊಟ್ಟ ಸಾಲ, ಹೂಡಿಕೆ ಇತ್ಯಾದಿಯ) ಮೇಲೆ ಕನಿಷ್ಠ ಶೇ 4.5 ಷೇರು ಬಂಡವಾಳ, ಅದರ ಮೇಲೆ ಶೇ 2.5 ಬಫರ್, ಅಂದರೆ ಕಷ್ಟಕಾಲಕ್ಕೆ ಹೆಚ್ಚುವರಿ ಬಂಡವಾಳ, ಇರಬೇಕು. ಆ ಚೌಕಟ್ಟು ಒಪ್ಪಿದ ದೇಶಗಳಲ್ಲೆಲ್ಲ ಬುನಾದಿ ಇದೇ, ಕೆಲವು ಕಡೆ ಕೇಂದ್ರ ಬ್ಯಾಂಕ್ ಇನ್ನೂ ಜಾಸ್ತಿ ಕೇಳಬಹುದು ಅಷ್ಟೇ. ಅಕ್ರಮ ಹಣ ತಡೆಯೋ ಕೆಲಸವೂ ಹಾಗೇ, ಅದಕ್ಕೆ ಮಾನದಂಡ ಹಾಕೋ ಅಂತರರಾಷ್ಟ್ರೀಯ ಸಂಸ್ಥೆ ಎಫ್‌ಎಟಿಎಫ್‌ನ 40 ಶಿಫಾರಸುಗಳನ್ನು ಬಲ್ಲವರು ಹೊಸ ಸುತ್ತೋಲೆಗಳನ್ನು ಬೇಗ ಹಿಡಿಯುತ್ತಾರೆ. ಹಾಗಾಗಿ ಕಂಪ್ಲಯನ್ಸ್ (ನಿಯಮಪಾಲನೆ), ಟ್ರೆಷರಿ (ಬ್ಯಾಂಕಿನ ಸ್ವಂತ ಹಣದ ನಿರ್ವಹಣೆ), ಮಾರುಕಟ್ಟೆ ರಿಸ್ಕ್‌ನವರಿಗೆ ಹೊಂದಿಕೊಳ್ಳೋದು ಕಷ್ಟವಾಗಲ್ಲ. ಡಾಲರ್ ಸಾಲಗಳ ಬಡ್ಡಿಗೆ ಆಧಾರವಾಗಿದ್ದ ಲಿಬೋರ್ ದರ 2023ರ ಜೂನ್‌ನಲ್ಲಿ ನಿಂತಾಗ ಹಳೇ ಸಾಲಗಳನ್ನು ಅದರ ಬದಲಿಗೆ ಬಂದ ಸೋಫರ್ ದರಕ್ಕೆ ಬದಲಿಸಿದ ತಂಡದಲ್ಲಿ ನೀವಿದ್ದರೆ, ಅದನ್ನು ಬಯೊಡೇಟಾದ ಮೊದಲ ಪುಟದಲ್ಲೇ ಬರೆಯಿರಿ.

ಕಷ್ಟ ಇರೋದು ಸಾಲದ ರಿಸ್ಕ್‌ನಲ್ಲಿ. ಸಾಲ ಸುಸ್ತಿಯಾದರೆ ಬ್ಯಾಂಕಿಗೆ ಎಷ್ಟು ನಷ್ಟ ಅನ್ನೋ ಲೆಕ್ಕದಲ್ಲಿ, ಅಡಮಾನದ ಆಸ್ತಿ ಮಾರಿ ಹಣ ಕೈಗೆ ಬರಲು ಎಷ್ಟು ಕಾಲ ಬೇಕು ಅನ್ನೋದೂ ಸೇರಿರುತ್ತದೆ ಅಲ್ವಾ? ಅದನ್ನು ತೀರ್ಮಾನಿಸೋದು ಆಯಾ ದೇಶದ ಕೋರ್ಟು, ನೋಂದಣಿ ಕಚೇರಿ, ಹರಾಜಿನ ಕಾನೂನು. ಅಲ್ಲಿ ಬೇಗ ಮುಗಿಯೋ ವಸೂಲಿ ಇಲ್ಲಿ ವರ್ಷಗಟ್ಟಲೆ ಎಳೆದರೆ, ಅಷ್ಟೇ ಬೆಲೆಯ ಕಟ್ಟಡ ಬ್ಯಾಂಕಿನ ಲೆಕ್ಕದಲ್ಲಿ ಅಷ್ಟು ಗಟ್ಟಿ ಭದ್ರತೆಯಾಗಿ ಉಳಿಯಲ್ಲ. ಇಲ್ಲಿನ ವಸೂಲಿ ಹೇಗೆ ನಡೆಯುತ್ತದೆ ಅಂತ ವಿಚಾರಿಸಿಕೊಂಡು ಸಂದರ್ಶನಕ್ಕೆ ಬರುವವರು ತುಂಬಾ ಕಡಿಮೆ, ಬಂದವರನ್ನು ನಾನು ಬಿಡಲ್ಲ.

ಫೈಲು ಓದೋದೂ ಇಲ್ಲೇ ಕಲಿಯಬೇಕಾದ ಕೆಲಸ. ಆಡಿಟ್ ಆದ ಲೆಕ್ಕಪತ್ರದಲ್ಲಿ ವರ್ಷದಿಂದ ವರ್ಷಕ್ಕೆ ಲಾಭ ಏರುತ್ತಿರುತ್ತದೆ. ಖಾತೆಯ ಸ್ಟೇಟ್‌ಮೆಂಟ್ ತೆಗೆದು ನೋಡಿದರೆ ಓವರ್‌ಡ್ರಾಫ್ಟ್ ಸದಾ ಮಿತಿಯ ಅಂಚಿನಲ್ಲೇ ಇರುತ್ತದೆ. ತ್ರೈಮಾಸಿಕದ ಕೊನೇ ವಾರದಲ್ಲಿ ಮಾತ್ರ ದೊಡ್ಡ ಮೊತ್ತವೊಂದು ಬಂದು ಬೀಳುತ್ತದೆ, ಮುಂದಿನ ವಾರ ಹೆಚ್ಚುಕಡಿಮೆ ಅಷ್ಟೇ ಮೊತ್ತ ಹೊರಗೆ ಹೋಗುತ್ತದೆ. ಕಳಿಸಿದ್ದು ಯಾರು ಅಂತ ನೋಡಿದರೆ ಅದೇ ಮನೆಯವರ ಇನ್ನೊಂದು ಕಂಪನಿ! ಅಂದರೆ ಖಾತೆ ಚೆನ್ನಾಗಿ ಕಾಣಲಿ ಅಂತ ತಮ್ಮದೇ ಹಣ ಸುತ್ತಿಸಿರುತ್ತಾರೆ. ಶಾಖೆಯಲ್ಲಿ ಕೆಲಸ ಮಾಡಿದ ಕಿರಿಯ ಅಧಿಕಾರಿ ಇದನ್ನು ಹೆಸರು ಮತ್ತು ವಿಳಾಸ ನೋಡಿಯೇ ಹಿಡಿಯುತ್ತಾನೆ, ಹೊರಗಿಂದ ಬಂದವರಿಗೆ ಎಷ್ಟೇ ಒಳ್ಳೇ ಮಾಡೆಲ್ ಗೊತ್ತಿದ್ದರೂ ಇದು ಸುಮ್ನೆ ಒಲಿಯಲ್ಲ. ಅದಕ್ಕೇ ಮೊದಲ ವರ್ಷ ಶಾಖೆಯವರ ಜೊತೆ ಸಾಲಗಾರರ ಕಾರ್ಖಾನೆ, ಗೋದಾಮು ನೋಡೋಕೆ ಹೋಗ್ತೀನಿ ಅಂತ ನೀವೇ ಕೇಳಿ ಪಡೆದುಕೊಳ್ಳಿ.

ಸಂಬಳವನ್ನು ಅಲ್ಲಿನ ಕರೆನ್ಸಿಗೆ ಬದಲಿಸಿ ನೋಡಿ ಬೇಸರ ಮಾಡಿಕೊಳ್ಳಬೇಡಿ. ಇಲ್ಲಿ ಅದೇ ಕುರ್ಚಿಯಲ್ಲಿ ಇರುವವರಿಗೆ ಎಷ್ಟು ಸಿಗುತ್ತದೆ ಅಂತ ವಿಚಾರಿಸಿ. ಹುದ್ದೆಯ ಹೆಸರಿನ ಮೇಲೂ ಜಾಸ್ತಿ ಹಟ ಬೇಡ, ನನ್ನ ಸಹಿಯಿಂದ ಎಷ್ಟು ಮೊತ್ತದವರೆಗೆ ಸಾಲ ಮಂಜೂರಾಗುತ್ತದೆ ಅಂತ ನೇರವಾಗಿ ಕೇಳಿ. ಆ ಸಂಸ್ಥೆ ನಿಮ್ಮನ್ನು ಯಾವ ಮಟ್ಟದಲ್ಲಿ ಇಟ್ಟಿದೆ ಅನ್ನೋದು ಆ ಉತ್ತರದಲ್ಲೇ ಗೊತ್ತಾಗುತ್ತದೆ.

ಕೆಲಸ ಸಿಗುವ ಮೊದಲೇ ರಾಜೀನಾಮೆ ಕೊಡಬೇಡಿ. ನಿಮ್ಮ ಬ್ಯಾಂಕಿಗೆ ಇಲ್ಲಿ ಶಾಖೆ ಇದ್ದರೆ ಒಳಗಿನ ವರ್ಗಾವಣೆಗೆ ಮೊದಲು ಕೇಳಿ ನೋಡಿ, ಅದರಷ್ಟು ಸುಲಭದ ದಾರಿ ಇನ್ನೊಂದಿಲ್ಲ. ಬೋನಸ್ ವಿಷಯವನ್ನೂ ನೋಡಿಕೊಳ್ಳಿ. 2009ರ ಅಂತರರಾಷ್ಟ್ರೀಯ ಮಾನದಂಡಗಳ ಪ್ರಕಾರ ದೊಡ್ಡ ಬ್ಯಾಂಕುಗಳ ಹಿರಿಯ ಅಧಿಕಾರಿಗಳ ಬೋನಸ್‌ನಲ್ಲಿ ಶೇ 40ರಿಂದ 60ರಷ್ಟನ್ನು ಕನಿಷ್ಠ ಮೂರು ವರ್ಷದ ಮೇಲೆ ಹಂಚಿ ಕೊಡಬೇಕು. ನೀವಾಗಿ ಬಿಟ್ಟು ಹೊರಟರೆ ಇನ್ನೂ ಕೈಸೇರದ ಕಂತು ಸಾಮಾನ್ಯವಾಗಿ ಹೋದ ಹಾಗೇ. ನಿಮಗೂ ಅಂಥದ್ದು ಬಾಕಿ ಇದ್ದರೆ, ಅದನ್ನು ತುಂಬಿಕೊಡಿ ಅಂತ ಹೊಸ ಬ್ಯಾಂಕಿಗೆ ಕೇಳೋದರಲ್ಲಿ ಸಂಕೋಚ ಬೇಡ, ಆದರೆ ಆಫರ್ ಪತ್ರಕ್ಕೆ ಸಹಿ ಹಾಕೋ ಮುಂಚೆ ಕೇಳಬೇಕು.

ಇನ್ನು ಕಾಗದಪತ್ರ. ಅಲ್ಲಿ ನೀವು ಸರಿಯಾಗಿ ಸಾಲ ತೀರಿಸಿದ ದಾಖಲೆ ಸಾಮಾನ್ಯವಾಗಿ ಇಲ್ಲಿಗೆ ಬರಲ್ಲ, ಹೊರಡೋ ಮೊದಲು ಬ್ಯಾಂಕಿನಿಂದ ಪತ್ರ ಮಾಡಿಸಿಟ್ಟುಕೊಳ್ಳಿ. ಅಲ್ಲಿ ಬಿಟ್ಟುಬರೋ ಖಾತೆಗಳನ್ನು ಇಲ್ಲಿನ ನಿಯಮದಂತೆ ತೆರಿಗೆ ಇಲಾಖೆಗೆ ತಿಳಿಸಿ, ಯಾಕೆಂದರೆ 2017ರಿಂದ ಎಷ್ಟೋ ದೇಶಗಳು ಖಾತೆಗಳ ಮಾಹಿತಿಯನ್ನು ತಾವಾಗಿಯೇ ಹಂಚಿಕೊಳ್ಳುತ್ತಿವೆ. ಬ್ಯಾಂಕಿನಲ್ಲಿ ಕೆಲಸ ಮಾಡೋರಿಗೆ ಇಂಥ ವಿಷಯದಲ್ಲಿ ಬರೋ ಒಂದು ನೋಟಿಸೂ ಭಾರವೇ.